ಆಜ್ಞೆ ಮೀರಿದವನಿಗೆ ಶಿಕ್ಷೆ ಎಷ್ಟು?

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಆದರೆ ಉಂಡು ಮಲಗಿದ ಮೇಲೂ ಮುಗಿಯದ ಜಗಳಗಳಿವೆ. ಅಂಥ ಮನೆಯ ಬಾಗಿಲವರೆಗೆ ಬರಲು ಕಾನೂನಿಗೆ ಬಹಳ ಕಾಲ ಹಿಡಿಯಿತು.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ 1956ರವರೆಗೆ ಮುಂಬಯಿ ಆಡಳಿತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಆಗ ಜಾರಿಯಲ್ಲಿದ್ದ 1898ರ ದಂಡ ಪ್ರಕ್ರಿಯಾ ಸಂಹಿತೆ, ಗಂಡ ಕೈಬಿಟ್ಟ ಹೆಂಡತಿಗೆ ಜೀವನಾಂಶ ಕೊಡಿಸುತ್ತಿತ್ತು. ಹಿಂದೂ ವಿವಾಹ ಕಾಯ್ದೆ ಬರುವ ಎಂಟು ವರ್ಷ ಮೊದಲೇ, 1947ರಲ್ಲಿ, ಮುಂಬಯಿ ಪ್ರಾಂತ್ಯದ ಹಿಂದೂಗಳಿಗೆ ವಿಚ್ಛೇದನದ ಹಕ್ಕೂ ಸಿಕ್ಕಿತು. ಮನೆ ಬಿಟ್ಟವಳಿಗೆ ಹೀಗೆ ಒಂದಿಷ್ಟು ದಾರಿಯಿತ್ತು. ಮನೆಯಲ್ಲೇ ಉಳಿದು ಹೊಡೆತ ನಿಲ್ಲಿಸಬೇಕೆಂದವಳಿಗೆ ಇರಲಿಲ್ಲ. ಸಿವಿಲ್ ನ್ಯಾಯಾಲಯದಿಂದ ತಡೆಯಾಜ್ಞೆ ತಂದರೂ ಅದನ್ನು ಮೀರಿದವನನ್ನು ಪೊಲೀಸರು ತಾವಾಗಿ ಹಿಡಿಯುವಂತಿರಲಿಲ್ಲ.

1983ರಲ್ಲಿ ದಂಡ ಸಂಹಿತೆಗೆ 498ಎ ಕಲಮು ಸೇರಿ, ಗಂಡ ಮತ್ತು ಅವನ ಬಂಧುಗಳ ಕ್ರೌರ್ಯ ಮೂರು ವರ್ಷದವರೆಗಿನ ಜೈಲುಶಿಕ್ಷೆಯ ಅಪರಾಧವಾಯಿತು. ಅದು ನಿನ್ನೆಯ ಹೊಡೆತಕ್ಕೆ ಶಿಕ್ಷೆ. ನಾಳೆಯ ಹೊಡೆತಕ್ಕೆ ತಡೆಯಲ್ಲ. ಆ ತಡೆ ಬಂದದ್ದು 2005ರ ಕೌಟುಂಬಿಕ ಹಿಂಸೆ ಕಾಯ್ದೆಯಿಂದ. ಅದು 2006ರ ಅಕ್ಟೋಬರ್ 26ರಂದು ಜಾರಿಗೆ ಬಂದಾಗ ಹಾವೇರಿ ಪ್ರತ್ಯೇಕ ಜಿಲ್ಲೆಯಾಗಿ ಒಂಬತ್ತು ವರ್ಷ ಕಳೆದಿತ್ತು.

ಈ ಕಾಯ್ದೆಯಂತೆ ಮ್ಯಾಜಿಸ್ಟ್ರೇಟರು ರಕ್ಷಣಾ ಆಜ್ಞೆ ಹೊರಡಿಸುತ್ತಾರೆ. ಅದನ್ನು ಮೀರಿದವನಿಗೆ 31ನೇ ಕಲಮಿನಂತೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು. ಜಾಮೀನು ಆರೋಪಿಯ ಹಕ್ಕಲ್ಲ. ನೊಂದವಳೊಬ್ಬಳ ಸಾಕ್ಷ್ಯದ ಮೇಲೆಯೇ ನ್ಯಾಯಾಲಯ ಅಪರಾಧ ನಡೆದಿದೆ ಎಂಬ ತೀರ್ಮಾನಕ್ಕೆ ಬರಬಹುದು. ನಾಲ್ಕು ಗೋಡೆಗಳ ನಡುವೆ ಬೇರೆ ಸಾಕ್ಷಿ ಎಲ್ಲಿಂದ ಬರಬೇಕು?

ಮತ್ತೆ ಮತ್ತೆ ಮೀರಿದವನ ಗತಿ ಏನು? ಇಲ್ಲಿ ಕಾನೂನು ಮೌನವಾಗಿದೆ. ಎರಡನೆಯ, ಮೂರನೆಯ ಸಲದ ತಪ್ಪಿಗೆಂದು ಹೆಚ್ಚಿನ ಶಿಕ್ಷೆಯನ್ನು ಈ ಕಲಮು ಹೇಳುವುದಿಲ್ಲ. ಪ್ರತಿ ಉಲ್ಲಂಘನೆಯೂ ಒಂದು ಅಪರಾಧ. ಗರಿಷ್ಠ ಶಿಕ್ಷೆ ಮಾತ್ರ ಅದೇ ಒಂದು ವರ್ಷ. ಇಂಗ್ಲೆಂಡಿನಲ್ಲಿ ಇಂಥ ಆಜ್ಞೆ ಮೀರುವುದು 2007ರಿಂದ ಐದು ವರ್ಷದವರೆಗಿನ ಜೈಲಿಗೆ ಗುರಿಯಾಗುವ ಅಪರಾಧ.

ಆದರೂ ಹೆಣ್ಣಿನ ಪರವಾಗಿ ಎರಡು ಸಂಗತಿಗಳಿವೆ. ಒಮ್ಮೆ ಶಿಕ್ಷೆಯಾದ ಮಾತ್ರಕ್ಕೆ ಆಜ್ಞೆ ಮುಗಿದುಹೋಗುವುದಿಲ್ಲ. ರಾಣೆಬೆನ್ನೂರಿನ ಗಂಡನ ಮನೆಯಿಂದ ಬ್ಯಾಡಗಿಯ ತವರಿಗೆ ಬಂದವಳು ಬ್ಯಾಡಗಿಯಲ್ಲೇ ಅರ್ಜಿ ಹಾಕಬಹುದು. ಅಲ್ಲಿ ಪಡೆದ ಆಜ್ಞೆ ದೇಶದಾದ್ಯಂತ ನಡೆಯುತ್ತದೆ.

ಮೊದಲ ದೂರು ಕೊಡಲು ಬೇಕಾದ ಧೈರ್ಯಕ್ಕಿಂತ ಎರಡನೆಯದಕ್ಕೆ ಬೇಕಾದದ್ದು ದೊಡ್ಡದು. ಆಗ ಠಾಣೆಯಲ್ಲಿ ಅವಳಿಗೆ "ಹೊಂದಿಕೊಂಡು ಹೋಗಮ್ಮ" ಎಂಬ ಉತ್ತರ ಸಿಕ್ಕರೆ, ಕಾಯ್ದೆಯ ಒಂದು ವರ್ಷದ ಶಿಕ್ಷೆ ಕಾಗದದಲ್ಲೇ ಉಳಿಯುತ್ತದೆ.