ನೆಲದಡಿ ಟೊಳ್ಳು ಕಂಡಾಗ: ನಿಧಿಯಾಸೆ, ವಿಷಗಾಳಿ ಮತ್ತು ಕಾನೂನು

ಹಳೆಯ ಬಸದಿಯ ಬಳಿ ಪಾಯ ತೆಗೆಯುವಾಗ ಚಪ್ಪಡಿ ಕಲ್ಲು ಸಿಕ್ಕಿ, ಅದರ ಕೆಳಗೆ ಟೊಳ್ಳಿದೆ ಎಂದು ತಿಳಿದರೆ ಸಾಕು, ಊರೆಲ್ಲ ‘ನಿಧಿ’ಯ ಮಾತು. ಈ ಆಸೆಗೆ ಬಸದಿಗಳ ಪೀಠಗಳೂ ನಿಷಿಧಿ ಕಲ್ಲುಗಳೂ ಬಲಿಯಾಗಿವೆ. ನಿಷಿಧಿಯು ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದವರ ಸ್ಮಾರಕ. ಅದು ನಿಧಿಯ ಗುರುತಲ್ಲ.

ಟೊಳ್ಳು ನೆಲಮಾಳಿಗೆ ಇರಬಹುದು, ಮುಚ್ಚಿದ ಬಾವಿ ಇರಬಹುದು, ಹಗೇವೂ ಇರಬಹುದು. ಉತ್ತರ ಕರ್ನಾಟಕದ ಹಿರಿಯರು ಜೋಳದ ಹಗೇವಿನ ಬಾಯಿ ತೆರೆದ ಕೂಡಲೇ ಒಳಗೆ ಇಳಿಯುತ್ತಿರಲಿಲ್ಲ. ಮುಚ್ಚಿದ ಜಾಗದಲ್ಲಿ ಧಾನ್ಯ, ಬೇರು, ಕಸ ಕೊಳೆತು ಆಮ್ಲಜನಕ ಕಡಿಮೆಯಾಗುತ್ತದೆ; ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ತಳದಲ್ಲೇ ನಿಲ್ಲುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ. 21, ಶೇ. 19.5ಕ್ಕಿಂತ ಕೆಳಗಿಳಿದರೆ ಆ ಜಾಗ ಅಪಾಯಕಾರಿ. ದೀಪ ಇಳಿಬಿಟ್ಟು ನೋಡುವ ಹಳೆಯ ಪರೀಕ್ಷೆಯನ್ನು ನಂಬಬೇಡಿ. ದೀಪ ಉರಿದರೂ ವಿಷಾನಿಲ ಇರಬಹುದು, ಮೀಥೇನ್ ಇದ್ದರೆ ಬೆಂಕಿಯೇ ಹತ್ತಬಹುದು.

ಇಂಥ ಕಡೆ ಮೊದಲು ಇಳಿದವನು ಕುಸಿದರೆ ಎತ್ತಲು ಹೋದ ಅಣ್ಣನೋ ಮಗನೋ ಅವನ ಪಕ್ಕದಲ್ಲೇ ಬೀಳುತ್ತಾನೆ. ಯಾರೂ ಇಳಿಯದೆ 112ಕ್ಕೆ ಕರೆ ಮಾಡಿ. ಅಗ್ನಿಶಾಮಕ ದಳದವರ ಬಳಿ ಉಸಿರಾಟದ ಸಾಧನ ಇರುತ್ತದೆ.

ಹಾಗಾಗಿ ಚಪ್ಪಡಿ ಕಂಡ ಕೂಡಲೇ ಅಗೆತ ನಿಲ್ಲಿಸಿ. ಜೆಸಿಬಿಯನ್ನು ದೂರ ಸರಿಸಿ, ಅದರ ಭಾರಕ್ಕೇ ಚಾವಣಿ ಕುಸಿಯಬಹುದು. ಸುತ್ತ ಹಗ್ಗ ಕಟ್ಟಿ, ಮಕ್ಕಳನ್ನು ದೂರವಿಡಿ, ಹೊರಗಿನಿಂದಲೇ ಫೋಟೊ ತೆಗೆಯಿರಿ. ಒಳಗೆ ಏನಿದೆ ಎಂದು ನೋಡುವುದು ಪುರಾತತ್ವ ಇಲಾಖೆಯವರ ಕೆಲಸ.

ಸ್ವಂತ ಜಮೀನಾದರೂ ಸಿಕ್ಕ ನಿಧಿಯನ್ನು ಮುಚ್ಚಿಡುವಂತಿಲ್ಲ. 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಪಾಯ ತೆಗೆಯುವ ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.

ಜಿನಬಿಂಬ ಸಿಕ್ಕರೆ ಅಭಿಷೇಕ ಮಾಡುವ ಆತುರ ಸಹಜವೇ. ಆದರೂ ತೊಳೆಯಬೇಡಿ, ಹುಣಸೆಹಣ್ಣು ಹಾಕಿ ಉಜ್ಜಲೇಬೇಡಿ. ಗುಜರಾತಿನ ವಡೋದರಾ ಬಳಿಯ ಅಕೋಟಾದಲ್ಲಿ 1951ರಲ್ಲಿ ಹೂತಿದ್ದ ಜೈನ ಕಂಚಿನ ಬಿಂಬಗಳ ದೊಡ್ಡ ಸಂಗ್ರಹವೇ ಸಿಕ್ಕಿತು. ಅವುಗಳಲ್ಲಿ ಹಲವುದರ ಕಾಲ ತಿಳಿದದ್ದು, ಮಾಡಿಸಿದ ಶ್ರಾವಕ-ಶ್ರಾವಕಿಯರ ಹೆಸರು ದೊರೆತದ್ದು ಲೋಹದ ಮೇಲೆ ಉಳಿದಿದ್ದ ಸಣ್ಣ ಅಕ್ಷರಗಳಿಂದ.