ಮದನಪಲ್ಲಿಯ ಪಾಠ ನಂಗಲಿಗೆ ಬಂದ ಸುತ್ತುದಾರಿ

ನಂಗಲಿ ಹೆಸರು ಹೊಯ್ಸಳರ ಶಾಸನಗಳಲ್ಲೇ ಇದೆ. ವಿಷ್ಣುವರ್ಧನ ಗೆದ್ದ ಜಾಗಗಳನ್ನು ಹೇಳುವಾಗ ತಲಕಾಡಿನ ಜೊತೆ ನಂಗಲಿಯೂ ಬರುತ್ತದೆ. ಅವನ ರಾಜ್ಯದ ಮೂಡಣ ಗಡಿ ನಂಗಲಿ ಘಟ್ಟ. ಇವತ್ತಿಗೂ ಇದು ಗಡಿಯೇ. ಚೆಕ್‌ಪೋಸ್ಟ್ ದಾಟಿದರೆ ಆಂಧ್ರ. ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಓದು ಕನ್ನಡ. ಹಾಗಾಗಿ ಒಂದನೇ ಕ್ಲಾಸಿನ ಮೇಷ್ಟ್ರು ಪಾಠ ಹೇಗೆ ಮಾಡುತ್ತಾರೆ ಅನ್ನುವುದು ನಮ್ಮ ಕಡೆ ಸಣ್ಣ ವಿಷಯ ಅಲ್ಲ.

ಸರ್ಕಾರಿ ಶಾಲೆಗಳು ಬರುವ ಮೊದಲು ಇದ್ದದ್ದು ಜಗುಲಿ ಮೇಲೆ ನಡೆಯುತ್ತಿದ್ದ ಐಗಳ ಶಾಲೆ. ನೆಲದ ಮೇಲೆ ಮರಳು ಹರಡಿ ಬೆರಳಲ್ಲಿ ಅಕ್ಷರ ತಿದ್ದುವುದು, ಮಗ್ಗಿಯನ್ನು ಎಲ್ಲರೂ ಸೇರಿ ಕೂಗುವುದು. ತಪ್ಪಿದರೆ ಬೆತ್ತ, ಅದಕ್ಕೂ ಬಗ್ಗದಿದ್ದರೆ ಕೋದಂಡ, ಅಂದರೆ ತೊಲೆಗೆ ಕಟ್ಟಿದ ಹಗ್ಗ ಹಿಡಿಸಿ ಹುಡುಗನನ್ನು ನೇತಾಡಿಸುವುದು. ಆ ಕಾಲವನ್ನು ಹೊಗಳುವವರು ಕೋದಂಡದ ಸುದ್ದಿ ಎತ್ತುವುದಿಲ್ಲ. ಆದರೆ ಅಲ್ಲಿ ಒಂದು ಒಳ್ಳೆಯ ಪದ್ಧತಿಯೂ ಇತ್ತು. ಕಲಿತ ಹುಡುಗ ಕಲಿಯದವನ ಪಕ್ಕ ಕೂತು ಹೇಳಿಕೊಡುತ್ತಿದ್ದ.

ಇದು ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿಯ ಕಣ್ಣಿಗೆ ಬಿತ್ತು. ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಶಾಲೆಯನ್ನು ಅವನು 1789ರಿಂದ ನೋಡಿಕೊಳ್ಳುತ್ತಿದ್ದ. ಮರಳಿನ ಮೇಲೆ ಬರೆಯುವುದನ್ನೂ ಮಕ್ಕಳಿಂದ ಮಕ್ಕಳಿಗೆ ಪಾಠ ಹೇಳಿಸುವುದನ್ನೂ ಅಲ್ಲಿ ಜಾರಿಗೆ ತಂದು, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಮಾಡಿಸಿದ. ಇಂಗ್ಲೆಂಡಿನ ಶಾಲೆಗಳಲ್ಲಿ ಅದು ‘ಮದ್ರಾಸ್ ಪದ್ಧತಿ’ ಎಂದು ಹೆಸರಾಯಿತು.

ನಮ್ಮ ಕಡೆ ನಡೆದದ್ದು ತಿರುಗುಮುರುಗು. ಮೈಸೂರು ಸೀಮೆಯಲ್ಲಿ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ಬಂತು. ಅದನ್ನು ರೂಪಿಸಿದವರು ಲೂಯಿ ರೈಸ್. ಮುಂದೆ ಕೋಲಾರ ಜಿಲ್ಲೆಯ ಶಾಸನಗಳನ್ನು ಅಚ್ಚು ಹಾಕಿಸಿದವರೂ ಅವರೇ. ಓದು ಹಳ್ಳಿಗೆ ಬಂತು, ದೊಡ್ಡ ಉಪಕಾರ. ಜೊತೆಗೆ ತರಗತಿ ಎಂಬ ಏರ್ಪಾಡೂ ಬಂತು. ಒಂದೇ ದಿನ, ಒಂದೇ ಪಾಠ, ಎಲ್ಲರಿಗೂ. ಪಕ್ಕದವನಿಗೆ ಹೇಳಿಕೊಟ್ಟರೆ ಅದು ಗಲಾಟೆ. ಬೆತ್ತ ಮಾತ್ರ ಉಳಿಯಿತು. ಕಾನೂನಿನಲ್ಲಿ ದೇಶದಾದ್ಯಂತ ಅದಕ್ಕೆ ತಡೆ ಬಿದ್ದದ್ದು 2010ರ ಏಪ್ರಿಲ್ 1ರಂದು, ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾದಾಗ.

ಒಂದೇ ಪಾಠದ ಏರ್ಪಾಡಿನಲ್ಲಿ ಸೋಲುವವರು ಯಾರು ಅಂತ ನಮಗೆ ಗೊತ್ತು. ಕಡಲೆಕಾಯಿ ಕೀಳುವಾಗ, ಟೊಮೆಟೊ ಬಿಡಿಸುವಾಗ ಹದಿನೈದು ದಿನ ಶಾಲೆ ತಪ್ಪಿಸುವ ಮಗು. ವಾಪಸು ಬರುವ ಹೊತ್ತಿಗೆ ಪಾಠ ಮುಂದೆ ಹೋಗಿರುತ್ತದೆ. ಕೊನೆ ಸಾಲಿನಲ್ಲಿ ಕೂತು ಕೂತು ಒಂದು ದಿನ ಬರುವುದೇ ಇಲ್ಲ. ಹೆಸರು ಮಾತ್ರ ‘ದಡ್ಡ’ ಅಂತ ಉಳಿಯುತ್ತದೆ.

ಇದಕ್ಕೊಂದು ದಾರಿ ಹುಡುಕಿದ್ದು ನಮ್ಮ ಪಕ್ಕದಲ್ಲೇ. ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯಲ್ಲಿ, ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ರಮಾ ಮತ್ತು ಪದ್ಮನಾಭ ರಾವ್ ದಂಪತಿ ಪಾಠವನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದರು. ಮಗು ಒಂದೊಂದೇ ಮೆಟ್ಟಿಲು ಏರುತ್ತದೆ, ತನ್ನ ವೇಗದಲ್ಲಿ. ಹದಿನೈದು ದಿನ ಬಿಟ್ಟು ಬಂದರೂ ನಿಂತ ಮೆಟ್ಟಿಲಿಂದಲೇ ಶುರು.

ನಂಗಲಿಯಿಂದ ಮದನಪಲ್ಲಿಗೆ ದಿನ ಹೋಗಿ ಬರಬಹುದು. ಆದರೆ ಆ ಪಾಠ ನಮಗೆ ಬಂದದ್ದು ಮೈಸೂರು ಕಡೆಯಿಂದ! 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲಾ ಶಿಕ್ಷಕರು ಯುನಿಸೆಫ್ ನೆರವಿನಿಂದ ರಿಷಿ ವ್ಯಾಲಿಗೆ ಹೋಗಿ ನೋಡಿದರು. ಕನ್ನಡಕ್ಕೆ ಒಗ್ಗುವಂತೆ ಕಾರ್ಡುಗಳನ್ನು ತಾವೇ ಕೂತು ಬರೆದರು. ಹೆಸರು ‘ನಲಿ ಕಲಿ’. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆ ಬಂತು, ಆಮೇಲೆ ಮೂರಕ್ಕೂ.

ಇದರಲ್ಲಿ ಅ ಆ ಇ ಈ ಅಂತ ಶುರುವಾಗುವುದಿಲ್ಲ. ಮೊದಲು ರ, ಗ, ಸ, ದ, ಅ. ಐದೇ ಅಕ್ಷರ ಬಂದರೆ ಮಗು ‘ಸರ’, ‘ಅರಸ’, ‘ಅಗಸ’ ಓದಿಬಿಡುತ್ತದೆ. ಅದಕ್ಕೂ ಮುಂಚೆ ಹಾಡು, ಕತೆ, ಮಾತು. ತೆಲುಗು ಮನೆಯ ಮಗುವಿಗೆ ಇದೇ ಜೀವಾಳ. ಕನ್ನಡ ಕಿವಿಗೆ ಬಿದ್ದ ಮೇಲೆ ಕಣ್ಣಿಗೆ ಬರುತ್ತದೆ. ಕೆಲವು ಮಕ್ಕಳು ಮೇಡಂ ಹತ್ತಿರ, ಕೆಲವರು ಗೆಳೆಯರ ಸಹಾಯದಲ್ಲಿ, ಕೆಲವರು ತಾವೇ ಕಲಿಯುತ್ತಾರೆ. ಜಗುಲಿ ಶಾಲೆಯ ಆ ಒಳ್ಳೆಯ ಪದ್ಧತಿ ಕೋದಂಡ ಬಿಟ್ಟು ವಾಪಸು ಬಂದಂತೆ.

‘ಬರೀ ಆಟ ಆಡಿಸ್ತಾರೆ, ನೋಟ್ಸಲ್ಲಿ ಏನೂ ಇಲ್ಲ’ ಅಂತ ಕಾನ್ವೆಂಟ್ ವ್ಯಾನ್ ಹತ್ತಿಸಿದವರು ಬೇಕಾದಷ್ಟು ಜನ. ಅವರ ಅನುಮಾನ ಪೂರ್ತಿ ಸುಳ್ಳಲ್ಲ. ಕಾರ್ಡು ಹರಿಯುತ್ತದೆ ಅಂತ ಬೀರುವಿನಲ್ಲಿಟ್ಟು, ಮಕ್ಕಳನ್ನು ಸುತ್ತ ಕೂರಿಸಿ ಬೋರ್ಡಿನದ್ದನ್ನು ನಕಲು ಮಾಡಿಸಿದರೆ ಅದು ನಲಿ ಕಲಿ ಅಲ್ಲ, ಹಳೆ ಕ್ಲಾಸೇ. ಒಬ್ಬರೇ ಮೇಡಂ ಮೂರು ತರಗತಿ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ಎಲ್ಲ ನೋಡುವಾಗ ಹಾಗಾಗುವುದೂ ಸಹಜ. ಆದರೆ ಅದು ಪದ್ಧತಿಯ ತಪ್ಪಲ್ಲ.

ಈ ಸಲ ಶಾಲೆಗೆ ಹೋದರೆ ‘ಪಾಸಾ ಫೇಲಾ’ ಅಂತ ಕೇಳಬೇಡಿ. ಪ್ರಗತಿ ನೋಟದ ಹಾಳೆ ತೋರಿಸಿ ಅನ್ನಿ. ನಿಮ್ಮ ಮಗಳು ಈಗ ಯಾವ ಮೆಟ್ಟಿಲಲ್ಲಿದ್ದಾಳೆ, ಹೋದ ತಿಂಗಳು ಎಲ್ಲಿದ್ದಳು ಅಂತ ಮೇಡಂ ಬೆರಳಿಟ್ಟು ತೋರಿಸುತ್ತಾರೆ.