ಉರಿಮೂತ್ರ ಮತ್ತು ಮಾದಕವಸ್ತು: ಮರಾಠವಾಡದ ಗಡಿ ತಾಲೂಕುಗಳಲ್ಲಿ ರೋಗನಿರ್ಣಯದ ಪ್ರಶ್ನೆ

ನಿಲಂಗಾ, ಉದಗೀರ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಉಮರ್ಗಾ ಉಸ್ಮಾನಾಬಾದಿಗೆ ಸೇರಿತ್ತು. ಈ ಕನ್ನಡ–ಮರಾಠಿ ಸೀಮೆಯಲ್ಲಿ ಮೂತ್ರ ಉರಿದರೆ ಜನ ಮೊದಲು ‘ಉನ್ಹಾಳಿ’ ಎನ್ನುತ್ತಾರೆ, ಬಿಸಿಲಿನ ಝಳವನ್ನು ದೂರುತ್ತಾರೆ. ವೈದ್ಯರು ಕಲ್ಲು, ಸೋಂಕು, ಕ್ಷಯವನ್ನು ಯೋಚಿಸುತ್ತಾರೆ. ಯುವಕರ ವಿಷಯದಲ್ಲಿ ಮಾದಕವಸ್ತುವನ್ನೂ ಯೋಚಿಸಬೇಕೆಂಬುದು ಈ ಲೇಖನದ ವಾದ.

ಅರಿವಳಿಕೆ ಔಷಧಿ ಕೆಟಮೈನನ್ನು ಅಮಲಿಗಾಗಿ ದಿನವೂ ಬಳಸುತ್ತಿದ್ದ ಒಂಬತ್ತು ಮಂದಿಯ ಮೂತ್ರಕೋಶ ಹಾನಿಯನ್ನು 2007ರಲ್ಲಿ ಟೊರಾಂಟೊ ವೈದ್ಯರು ವರದಿ ಮಾಡಿದರು. 2008ರಲ್ಲಿ ಹಾಂಗ್‌ಕಾಂಗ್‌ನಿಂದ 59 ರೋಗಿಗಳ ವಿವರ ಬಂತು. ಔಷಧಿಯೂ ಅದರಿಂದ ಯಕೃತ್ತಿನಲ್ಲಿ ಉಂಟಾಗುವ ವಸ್ತುಗಳೂ ಮೂತ್ರದಲ್ಲಿ ಸೇರಿ ಮೂತ್ರಕೋಶದ ಒಳಪೊರೆಯನ್ನು ಸವೆಸುತ್ತವೆ. ಉರಿಯೂತ ಬಲಿತು ಗೋಡೆ ನಾರುಗಟ್ಟುತ್ತದೆ. ಸಾಮಾನ್ಯವಾಗಿ 400–500 ಮಿ.ಲೀ. ಹಿಡಿಯುವ ಚೀಲ 100 ಮಿ.ಲೀ.ಗಿಂತ ಕಡಿಮೆಗೆ ಕುಗ್ಗಬಹುದು. ಮುಂದೆ ಮೂತ್ರನಾಳ ಕಿರಿದಾಗಿ ಮೂತ್ರಪಿಂಡವೇ ಊದಿಕೊಳ್ಳಬಹುದು.

ಎಲ್ಲ ಅಮಲೂ ಒಂದೇ ಬಗೆಯ ಹಾನಿ ಮಾಡುವುದಿಲ್ಲ. ಅಫೀಮು, ಹೆರಾಯಿನ್, ಟ್ರಮಡಾಲ್ ಮೂತ್ರಕೋಶದ ಸ್ನಾಯುವನ್ನು ಮಂಕಾಗಿಸಿ ಮೂತ್ರ ಕಟ್ಟಿಸುತ್ತವೆ. ದತ್ತೂರಿಯ ಬೀಜವೂ ಮೂತ್ರ ಕಟ್ಟಿಸುತ್ತದೆ. ಎಂಡಿಎಂಎಯಂಥ ಉತ್ತೇಜಕಗಳು ಮೂತ್ರದ್ವಾರದ ಬಿಗಿತ ಹೆಚ್ಚಿಸುತ್ತವೆ.

ತಪ್ಪುನಿರ್ಣಯದ ಅಪಾಯ ಹೆಚ್ಚಿರುವುದು ಕೆಟಮೈನ್ ಪ್ರಕರಣದಲ್ಲಿ. ಗಳಿಗೆಗೊಮ್ಮೆ ಮೂತ್ರ, ರಕ್ತ, ಕೀವುಕಣ, ಆದರೆ ಕಲ್ಚರ್‌ನಲ್ಲಿ ರೋಗಾಣುವಿಲ್ಲ, ಮೂತ್ರಕೋಶ ಕುಗ್ಗಿದೆ: ಮೂತ್ರಾಂಗ ಕ್ಷಯದ ಚಿತ್ರವೂ ಇದೇ. ಆದ್ದರಿಂದ ಕ್ಷಯ ಪತ್ತೆಯ ಸಿಬಿನ್ಯಾಟ್ ಪರೀಕ್ಷೆ, ಸೋನೋಗ್ರಫಿ ಮಾಡಿಸುವುದರ ಜೊತೆಗೆ ಅಮಲಿನ ಬಗ್ಗೆಯೂ ಕೇಳಬೇಕು. ಪುಣೆ, ಹೈದರಾಬಾದಿನಲ್ಲಿ ದುಡಿದು ಊರಿಗೆ ಬಂದ ಹುಡುಗ ತಂದೆಯೆದುರು ಬಾಯಿ ಬಿಡಲಾರ. ಅವನನ್ನು ಒಬ್ಬನನ್ನೇ ಕೂರಿಸಿಕೊಂಡು, ಅವನ ಮನೆಮಾತಿನಲ್ಲೇ ಕೇಳಬೇಕು. ಲಾತೂರಿನಲ್ಲೊಮ್ಮೆ, ಬೀದರಿನಲ್ಲೊಮ್ಮೆ ತೋರಿಸುವ ರೋಗಿಯ ಹಳೆಯ ಚೀಟಿಗಳನ್ನೂ ಜೋಡಿಸಿ ನೋಡಬೇಕು.

ಭಾರತದಲ್ಲಿ ಕೆಟಮೈನ್ 2011ರಲ್ಲಿ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯಡಿ, 2013ರಲ್ಲಿ ಔಷಧ ನಿಯಮಗಳ ಎಕ್ಸ್ ಅನುಸೂಚಿಗೆ ಬಂತು. ಆದರೂ ಸ್ವಂತ ಇಚ್ಛೆಯಿಂದ ಮಾನ್ಯ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯುವ ವ್ಯಸನಿಗೆ ಅದೇ ಕಾಯ್ದೆಯ 64ಎ ಕಲಮು ಷರತ್ತುಬದ್ಧ ರಕ್ಷಣೆ ಕೊಟ್ಟಿದೆ. ಇದನ್ನು ರೋಗಿಗೆ ತಿಳಿಸಿದರೆ ಅವನ ಭಯ ಕಡಿಮೆಯಾಗುತ್ತದೆ.

ಚಿಕಿತ್ಸೆಯ ಮೊದಲ ಹೆಜ್ಜೆ ಬಳಕೆಯನ್ನು ಪೂರ್ತಿ ನಿಲ್ಲಿಸುವುದು. ಬೇಗ ನಿಲ್ಲಿಸಿದವರಲ್ಲಿ ಹಲವರು ಚೇತರಿಸಿಕೊಳ್ಳುತ್ತಾರೆ. ನಾರುಗಟ್ಟಿದ ಮೂತ್ರಕೋಶಕ್ಕೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ವ್ಯಸನಮುಕ್ತಿಗೆ 14446 ಉಚಿತ ಸಹಾಯವಾಣಿಯಿದೆ. ಈ ಸಂಖ್ಯೆಯನ್ನು ಗಡಿಯ ಪ್ರತಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಮರಾಠಿ, ಕನ್ನಡ ಎರಡರಲ್ಲೂ ಬರೆದು ಹಾಕಬೇಕು.